ಪೈಪಿನ ಹಿಡಿ

ರಾಧಾಮಣಿ ಬೆನ್ನು ತಿರುಗಿಸುವವರೆಗೆ ಆದಿನಾರಾಯಣ ಕಾಫಿ ಲೋಟವನ್ನು ಮುಟ್ಟಲಿಲ್ಲ. ಲೋಟ ಹೊಸ್ತಿಲ ಪಕ್ಕದ ನೆಲದ ಮೇಲೆ ಆರುತ್ತಾ ಕೂತಿತ್ತು. ಮೊದಲೆಲ್ಲ ಹೊಗೆಯಾಡುವ ಕಾಫಿಯನ್ನು ಹಾಗೇ ಗಂಟಲಿಗೆ ಸುರಿದುಕೊಂಡು ಬಂಗಾರಪೇಟೆ ಬಸ್ಸಿಗೆ ಓಡುತ್ತಿದ್ದವನು ಅವನು. ಈಗ ಮೇಲೆ ಕೆನೆ ಕಟ್ಟುವವರೆಗೆ ಕಾಯುತ್ತಾನೆ. ಚಳಿಗಾಲದಲ್ಲಿ ಒಂದು ಅನುಕೂಲವಿತ್ತು. ಎರಡೂ ಅಂಗೈಗಳ ನಡುವೆ ಲೋಟ ಹಿಡಿದುಕೊಂಡರೆ, ಪಾಪ, ಕೈ ಬೆಚ್ಚಗೆ ಮಾಡಿಕೊಳ್ಳುತ್ತಿದ್ದಾನೆ ಎಂದು ನೋಡಿದವರು ಅಂದುಕೊಳ್ಳುತ್ತಿದ್ದರು. ಈಗ ಬೇಸಿಗೆ. ಬೆಳಿಗ್ಗೆಯೇ ಮುಚ್ಚಿದ ಚಿನ್ನದ ಗಣಿಯ ಸೈನೈಡ್ ಮಣ್ಣಿನ ದಿಬ್ಬದ ಕಡೆಯಿಂದ ಬಿಸಿಗಾಳಿ ನುಣ್ಣನೆಯ ಧೂಳನ್ನು ತಂದು ಮನೆಮನೆಯ ಹೊಸ್ತಿಲ ಮೇಲೆ ಹಾಸುತ್ತಿತ್ತು. ಇಂಥ ಹವೆಯಲ್ಲಿ ಎರಡು ಕೈಯಲ್ಲಿ ಲೋಟ ಹಿಡಿಯುವ ಗಂಡಸನ್ನು ಯಾರಾದರೂ ತಿರುಗಿ ನೋಡದೆ ಇರುತ್ತಾರೆಯೇ? ಅವಳು ಒಳಗೆ ಬೀರುವಿನ ಕಡೆಗೆ ತಿರುಗಿದಳು. ಅವನು ಲೋಟವನ್ನು ಪೂರ್ತಿ ಎತ್ತದೆ, ತನ್ನ ತಲೆಯನ್ನೇ ಅದರ ಹತ್ತಿರಕ್ಕೆ ಬಗ್ಗಿಸಿ, ಒಂದು ಗುಟುಕು ಹೀರಿದ. ಆಗ ಕತ್ತರಿ ಜಾರಿದ ಸದ್ದು ಕೇಳಿಸಿತು. ಅವಳು ಅಮ್ಮಾ ಎನ್ನಬೇಕಿತ್ತು, ಅಥವಾ ಅವನನ್ನು ಬೈಯಬೇಕಿತ್ತು. ಎರಡನ್ನೂ ಮಾಡದೆ ಲೈನಿಂಗ್ ಬಟ್ಟೆಯ ಚೂರೊಂದನ್ನು ಹಲ್ಲಿನಲ್ಲಿ ಕಚ್ಚಿ ಹರಿದು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

ಅದು ತೇಗದ ಬೀರು. ಯಾವುದೋ ಹಳೇ ಆಫೀಸಿನ ಸಾಮಾನು ಹರಾಜಿಗೆ ಬಂದಾಗ ರಾಧಾಮಣಿ ತನ್ನ ಹೊಲಿಗೆಯ ಸಂಪಾದನೆಯಲ್ಲಿ ಕೊಂಡು ತಂದದ್ದು. ಎದೆಯೆತ್ತರಕ್ಕೆ, ಮೇಲಿಂದ ಕೆಳಗೆ ಬರೀ ಡ್ರಾಯರುಗಳು. ದಾರದ ಉಂಡೆ, ಹುಕ್ಕು, ಜಿಪ್ಪು, ಲೇಸು, ಅರ್ಧ ಹೊಲಿದ ರವಿಕೆ, ಎಲ್ಲಕ್ಕೂ ಒಂದೊಂದು ಮನೆ ಸಿಕ್ಕಿತು ಎಂದು ಅವಳು ಅದನ್ನು ಒರೆಸಿ ಒರೆಸಿ ನೋಡಿದ್ದಳು. ಆದರೆ ಅದರ ಹಿತ್ತಾಳೆ ಹಿಡಿಗಳನ್ನು ಯಾರೋ ಮೊದಲೇ ಕಿತ್ತುಕೊಂಡು ಹೋಗಿದ್ದರು. ಒಂದೊಂದು ಡ್ರಾಯರಿನ ಮುಖದಲ್ಲೂ ಕಣ್ಣಿನಂಥ ಎರಡು ತೂತುಗಳು ಮಾತ್ರ ಉಳಿದಿದ್ದವು. ತೆಗೆಯಬೇಕೆಂದರೆ ಸಂದಿಗೆ ಕತ್ತರಿಯ ತುದಿ ಹಾಕಿ ಮೀಟಬೇಕು. ‘ನಾನು ಮಾಡಿಕೊಡ್ತೀನಿ, ನೀನು ಅಂಗಡಿದು ತರಬೇಡ’ ಎಂದು ಅವನೇ ಹೇಳಿದ್ದ. ಹೇಳಿದಾಗ ಯುಗಾದಿ. ಗೇಟು, ಗ್ರಿಲ್ಲು, ಮೆಟ್ಟಿಲ ಕಂಬಿ ಮಾಡುವ ಬಂಗಾರಪೇಟೆಯ ಶೆಡ್ಡಿನಲ್ಲಿ ಅರ್ಧ ಆಯುಷ್ಯ ಕಳೆದವನಿಗೆ ಡ್ರಾಯರಿನ ಹಿಡಿ ಒಂದು ಕೆಲಸವೇ? ಅವಳಿಗೂ ಹಾಗೇ ಅನ್ನಿಸಿರಬೇಕು. ಅದಕ್ಕೇ ಅವಳು ಮತ್ತೆ ಕೇಳಿರಲಿಲ್ಲ. ಕೇಳದೇ ಇರುವುದರಲ್ಲಿ ಒಂದು ತೀರ್ಮಾನವಿತ್ತು; ಅದು ದಿನವೂ ಬೀರುವಿನ ಆ ತೂತುಗಳಿಂದ ತನ್ನನ್ನು ನೋಡುತ್ತದೆ ಎಂದು ಆದಿನಾರಾಯಣನಿಗೆ ಅನ್ನಿಸುತ್ತಿತ್ತು.

“ಇವತ್ತು ರಜ. ಇವತ್ತು ಮಾಡ್ಬಿಡ್ತೀನಿ,” ಎಂದ.

“ಆಯ್ತು,” ಎಂದಳು ರಾಧಾಮಣಿ. ಬೆರಳಿನ ಪಟ್ಟಿಯ ಮೇಲೆ ಕೆಂಪು ಚುಕ್ಕೆ ಅಗಲವಾಗುವುದನ್ನು ನೋಡುತ್ತಾ, “ಮುನಿಗಂಗಮ್ಮನ ಮನೇಗೆ ಬಟ್ಟೆ ಕೊಟ್ಟು, ಅಲ್ಲೇ ಅವಳ ಮಗಳ್ದು ಅಳತೆ ತಕ್ಕೊಂಡು ಬತ್ತೀನಿ. ಊಟ ಮುಚ್ಚಿಟ್ಟಿದೀನಿ,” ಎಂದಳು.

ಆ ‘ಆಯ್ತು’ ಅವನಿಗೆ ಗೊತ್ತು. ಇನ್ನು ಬಾಟಲಿ ಮುಟ್ಟುವುದಿಲ್ಲ ಎಂದು ಆಣೆ ಹಾಕುವ ಗಂಡಂದಿರಿಗೆ ಈ ಗಣಿ ಮನೆಗಳ ಸಾಲಿನ ಹೆಂಗಸರು ಹೇಳುವ ‘ಆಯ್ತು’ ಅದು.

ಆಂಡರ್ಸನ್‌ಪೇಟೆಯವರೆಗೆ ನಡೆದೇ ಹೋದ. ಆಟೋದಲ್ಲಿ ಹೋದರೆ ಇಳಿಯುವಾಗ ಜೇಬಿನಿಂದ ಚಿಲ್ಲರೆ ತೆಗೆದು ಕೊಡಬೇಕು, ಡ್ರೈವರು ಆ ಕೈಯನ್ನೇ ನೋಡುತ್ತಾನೆ. ಹೀಗೆ ಎಷ್ಟೊಂದು ಬಿಟ್ಟುಹೋಗಿತ್ತು. ಮನೆಯಲ್ಲಿ ಗಡ್ಡ ಮಾಡಿಕೊಳ್ಳುವುದು ಬಿಟ್ಟ. ರಾಧಾಮಣಿಗೆ ಸೂಜಿಗೆ ದಾರ ಪೋಣಿಸಿಕೊಡುವುದು ಬಿಟ್ಟ. ಮದುವೆಯಾದ ಹೊಸದರಲ್ಲಿ ಅದೊಂದು ಆಟವಾಗಿತ್ತು, ಅವಳು ಸೂಜಿ ಹಿಡಿದುಕೊಂಡಿದ್ದರೆ ಅವನು ಒಂದೇ ಸಲಕ್ಕೆ ದಾರ ತೂರಿಸಿ, ಸೂಜಿಯ ಆಚೆ ಅವಳ ಮುಖ ನೋಡುತ್ತಿದ್ದ. ಈಗ ಕಣ್ಣು ಕಾಣುವುದಿಲ್ಲ ಎಂದು ಹೇಳಿದ್ದ. ಶೆಡ್ಡಿನಲ್ಲಿ ಮಾತ್ರ ಏನೂ ಹೇಳುವುದಕ್ಕೆ ಆಗಲಿಲ್ಲ. ಗೆರೆ ಎಳೆದಂತೆ ಬರುತ್ತಿದ್ದ ವೆಲ್ಡಿಂಗ್ ಹುಳ ಹರಿದಾಡಿದ ಹಾಗೆ ಬರತೊಡಗಿತು. ಒಂದು ದಿನ ಯಜಮಾನ ಗೇಟಿನ ಮೇಲೆ ಬೆರಳಾಡಿಸಿ, ಅವನ ಮುಖದ ಹತ್ತಿರ ಮೂಗು ತಂದು, ಮೂಸಿ ಹೋದ. ಮಾರನೆಯ ದಿನದಿಂದ ಅವನಿಗೆ ಗ್ರಿಲ್ಲಿಗೆ ರೆಡಾಕ್ಸೈಡ್ ಬಳಿಯುವ ಕೆಲಸ. ಆ ಮೂಗಿನಿಂದಲೇ ಎಲ್ಲ ಶುರುವಾದದ್ದು. ಜನ ಮೊದಲು ಕುಡಿತವನ್ನೇ ಊಹಿಸುತ್ತಾರೆ ಎನ್ನುವುದು ಅವನಿಗೆ ತಿಳಿದದ್ದು ಆಗ.

ಸೆಲ್ವರಾಜನ ಹಾರ್ಡ್‌ವೇರ್ ಅಂಗಡಿಯಲ್ಲಿ ಭಾನುವಾರದ ಜನವಿತ್ತು. ಶೆಡ್ಡಿನಲ್ಲಿ ಈಗ ಅವನ ಜಾಗದಲ್ಲಿ ವೆಲ್ಡಿಂಗ್ ಮಾಡುವ ವೆಂಕಿಯೂ ಏತಕ್ಕೋ ಬಂದು ಬೆಂಚಿನ ಮೇಲೆ ಕೂತಿದ್ದ. ಆದಿನಾರಾಯಣ ತಿರುಗಿ ಹೋಗಿಬಿಡೋಣ ಅಂದುಕೊಳ್ಳುವಷ್ಟರಲ್ಲಿ ಸೆಲ್ವರಾಜ್ ಕೂಗಿದ.

“ವಾಂಗಣ್ಣಾ, ಬಾ ಬಾ. ಏನು ಈ ಕಡೆ ಬರೋದೇ ಬಿಟ್ಟಿಯಲ್ಲ?”

“ಅರ್ಧ ಇಂಚು ಸ್ಟೀಲ್ ಪೈಪು ಬೇಕು. ಅದರೊಳಗೆ ಓಗೋವಂಥದ್ದು ಒಂದು ಸಣ್ಣದು. ಬೋಲ್ಟು, ನಟ್ಟು. ಎಮೆರಿ ಪೇಪರ್ರು,” ಎಂದ. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ. ಪೈಪನ್ನು ಅಂಗೈ ಅಗಲಕ್ಕೆ ತುಂಡು ಮಾಡುವುದು, ಎರಡು ಕಡೆ ತೂತು. ಸಣ್ಣ ಪೈಪನ್ನು ಬೆರಳ ಗೆಣ್ಣಿನಷ್ಟುದ್ದಕ್ಕೆ ತುಂಡರಿಸಿ ಕಾಲಿನ ಹಾಗೆ ಕೆಳಗೆ ಇಡುವುದು. ಡ್ರಾಯರಿನ ಒಳಗಿನಿಂದ ಬೋಲ್ಟು ತೂರಿಸಿ ಬಿಗಿಯುವುದು. ಬೆರಳು ನಾಲ್ಕೂ ಒಳಗೆ ಹೋಗಬೇಕು. ಅವಳ ಬೆರಳು.

“ಏನಕ್ಕಣ್ಣಾ?”

“ಮನೇಲಿ ಡ್ರಾಯರ್‌ಗೆ ಇಡಿ ಮಾಡ್ಬೇಕು.”

“ರೆಡಿಮೇಡೇ ಐತಲ್ಲ, ಡಬ್ಬಾ ಡಬ್ಬಾ ಬಂದೈತೆ! ಯಾಕೆ ಕಷ್ಟ ಬೀಳ್ತೀಯಾ?”

“ಅಳೇ ತೂತಿಗೆ ಅವು ಕೂರಲ್ಲ,” ಎಂದ ಆದಿನಾರಾಯಣ. ಅದು ನಿಜವೂ ಆಗಿತ್ತು.

ಸೆಲ್ವರಾಜ್ ಪೈಪು ಕತ್ತರಿಸಿ ಕಾಗದ ಸುತ್ತುತ್ತಾ, ಹಳೇ ಸಲಿಗೆಯಲ್ಲಿ, ಫ್ಲಾಸ್ಕಿನಿಂದ ಟೀ ಬಗ್ಗಿಸಿ ಮುಂದೆ ಚಾಚಿದ. ಕಾಗದದ ಲೋಟ, ಅಂಚಿನವರೆಗೆ. ಬೇಡ ಎನ್ನುವಷ್ಟು ಹೊತ್ತು ಸಿಗಲಿಲ್ಲ. ಆದಿನಾರಾಯಣನ ಕೈ ಆಗಲೇ ಅದನ್ನು ತೆಗೆದುಕೊಂಡಿತ್ತು. ಟೀ ಮೊದಲು ಒಂದು ಹನಿ, ಆಮೇಲೆ ತುಳುಕಿ, ಗಾಜಿನ ಕೌಂಟರಿನ ಮೇಲೆ, ಬಿಲ್ಲಿನ ಪುಸ್ತಕದ ಮೇಲೆ, ಸೆಲ್ವರಾಜನ ಬಿಳಿ ಅಂಗಿಯ ತೋಳಿನ ಮೇಲೆ ಹೋಯಿತು. ಅಂಗಡಿಯಲ್ಲಿದ್ದವರು ಮಾತು ನಿಲ್ಲಿಸಿದರು.

“ಏನಣ್ಣಾ, ಬೆಳಿಗ್ಗೇದು ಇನ್ನೂ ಆಕಿಲ್ವಾ?” ಎಂದ ವೆಂಕಿ, ಬೆಂಚಿನಿಂದ. ಕೆಟ್ಟ ಹುಡುಗನಲ್ಲ ಅವನು. ಆ ಮೌನವನ್ನು ಹೇಗಾದರೂ ಮುರಿಯಬೇಕಿತ್ತು ಅವನಿಗೆ. “ಒಂದು ಚೂರು ಆಕ್ಕೊಂಡ್ಬಿಡು ಕಣಣ್ಣ, ಕೈ ನೆಟ್ಟಗೆ ನಿಂತ್ಕಂತದೆ.”

ಎಲ್ಲರೂ ನಕ್ಕರು. ಆದಿನಾರಾಯಣನೂ ನಕ್ಕ. ನಗುವಾಗ ಎದೆಯೊಳಗೆ ಏನೋ ಸಡಿಲವಾಗಿ, ಹಗುರವೂ ಆಯಿತು. ಆ ಹಗುರಕ್ಕೇ ಅವನಿಗೆ ಅಸಹ್ಯವಾಗುವುದು. ರಾಧಾಮಣಿಯ ಅಣ್ಣ ಶ್ರೀರಾಮಪ್ಪ ಹಳ್ಳಿಯಿಂದ ಬಂದ ದಿನವೂ ಹೀಗೇ ಆಗಿತ್ತು. ಡೈರಿಗೆ ಹಾಲು ಹಾಕಿ ಅದೇ ಬೈಕಿನಲ್ಲಿ ಬಂದವನು, ಖಾಲಿ ಕ್ಯಾನನ್ನು ಬಾಗಿಲಲ್ಲಿಟ್ಟು, ಮಂಚದ ಮೇಲೆ ಕೂತು, ‘ಬಾವಾ, ಸುತ್ತಿಬಳಸಿ ಕೇಳಾಕೆ ನಂಗೆ ಬರಲ್ಲ. ಕುಡೀತೀಯಾ?’ ಎಂದಿದ್ದ. ರಾಧಾಮಣಿ ಒಳಬಾಗಿಲಿನ ಪಕ್ಕ ಗೋಡೆಗೆ ಒರಗಿ ನಿಂತಿದ್ದಳು. ಇಲ್ಲ ಎಂದರೆ, ಮತ್ತೆ ಕೈ ಯಾಕೆ ಹಾಗೆ ಎಂಬ ಪ್ರಶ್ನೆ ಬರುತ್ತಿತ್ತು. ‘ಊಂ’ ಎಂದುಬಿಟ್ಟ. ಎಷ್ಟು ಸುಲಭವಾಗಿತ್ತು. ಕುಡಿಯುವವನು ಬಿಡಬಹುದು, ಬಿಡುತ್ತಾನೆ ಎಂದು ಜನ ಬೈಯುತ್ತಾರೆ, ಕಾಯುತ್ತಾರೆ. ಬೈಸಿಕೊಳ್ಳುವವನು ಇನ್ನೂ ಮನುಷ್ಯನೇ. ಮರುಗಿಸಿಕೊಳ್ಳುವವನನ್ನು ಮಾತ್ರ ಮೂಲೆಯಲ್ಲಿ ಕೂರಿಸಿ ಚಮಚದಲ್ಲಿ ಉಣ್ಣಿಸುತ್ತಾರೆ, ಅವನ ಅಪ್ಪನನ್ನು ಕೂರಿಸಿದ ಹಾಗೆ. ಹೇಳಿದ ಸುಳ್ಳಿಗೆ ಸಾಕ್ಷಿ ಬೇಕಲ್ಲ ಎಂದು ಆ ವಾರವೇ ಒಂದು ಬಾಟಲಿ ತಂದು ಅಟ್ಟದ ಮೇಲೆ, ಹುಡುಕಿದರೆ ಸಿಗುವ ಹಾಗೆ, ಅಕ್ಕಿ ಮೂಟೆಯ ಹಿಂದೆ ಇಟ್ಟ. ಎರಡು ಮೂರು ದಿನಕ್ಕೊಮ್ಮೆ ಒಂದಿಷ್ಟನ್ನು ಬಚ್ಚಲಿಗೆ ಸುರಿಯುತ್ತಿದ್ದ. ಒಂದು ತೊಟ್ಟನ್ನೂ ಎಂದೂ ನಾಲಿಗೆಗೆ ಸೋಕಿಸಿರಲಿಲ್ಲ. ಅಪ್ಪನ ಕುಡಿತ ನೋಡಿ ಬೆಳೆದವನು ಅದನ್ನು ಸೋಕಿಸುವ ಹಾಗಿರಲಿಲ್ಲ.

ಮನೆಗೆ ಬಂದಾಗ ರಾಧಾಮಣಿ ಹೊರಟುಹೋಗಿದ್ದಳು. ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಕಬ್ಬಿಣದ ಕಾಲಿನ ಮೇಲೆ ಅವನ ಹಳೇ ವೈಸ್ ಇತ್ತು. ಪೈಪನ್ನು ಅದರ ಬಾಯಿಗೆ ಕೊಟ್ಟು ಬಿಗಿದು, ಹ್ಯಾಕ್‌ಸಾ ಹಿಡಿದಾಗ ಒಂದು ಕ್ಷಣ ಅವನಿಗೆ ಎಲ್ಲವೂ ಮರೆತುಹೋಯಿತು. ಎರಡು ಕೈಯ ಕೆಲಸ, ಮೈಯ ಭಾರದ ಕೆಲಸ. ನಡುಕಕ್ಕೆ ಅಲ್ಲಿ ಜಾಗವಿರಲಿಲ್ಲ. ಬ್ಲೇಡು ಹೋಗಿ ಬರುವ ಸದ್ದಿಗೆ ಪಕ್ಕದ ಮನೆಯ ಕೋಳಿಗಳು ಗೋಡೆ ಹತ್ತಿ ನೋಡಿದವು. ತುಂಡು ತುಂಡಾಗಿ ಪೈಪು ಕಲ್ಲಿನ ಮೇಲೆ ಬಿದ್ದಿತು. ಅಂಚಿಗೆ ಅರ ಹಾಕಿದ, ಬೆರಳಿಗೆ ಚುಚ್ಚಬಾರದೆಂದು ಒಳಗಡೆಯೂ ಕೆರೆದ, ಎಮೆರಿ ಕಾಗದವನ್ನು ನೀರಲ್ಲಿ ಅದ್ದಿ ಒಂದೇ ಕಡೆಗೆ ತಿಕ್ಕಿದ. ಹೊಳಪು ಹೋಗಿ, ಮೋಡ ಮುಚ್ಚಿದ ದಿನದ ಬೆಳಕಿನಂಥ ಒಂದು ಬಣ್ಣ ಬಂತು. ಅಂಗಡಿಯ ಹಿಡಿಗಳಿಗೆ ಈ ಬಣ್ಣ ಇರುವುದಿಲ್ಲ ಅಂದುಕೊಂಡ. ಅವಳ ಮುಖ ಹೇಗಾಗುತ್ತದೆ ಎಂದೂ ಅಂದುಕೊಂಡ.

ಆಮೇಲೆ ತೂತಿನ ಕೆಲಸ ಬಂತು. ದುಂಡನೆಯ ಪೈಪಿನ ಬೆನ್ನ ಮೇಲೆ, ಸರಿಯಾಗಿ ನಡುವಿನಲ್ಲಿ, ಮೊಳೆಯಂಥ ಪಂಚನ್ನು ನಿಲ್ಲಿಸಿ ಒಂದು ಪೆಟ್ಟು ಕೊಡಬೇಕು. ಆ ಚುಕ್ಕೆ ಬಿದ್ದರೆ ಡ್ರಿಲ್ಲು ಅಲ್ಲೇ ಕೂರುತ್ತದೆ, ಇಲ್ಲದಿದ್ದರೆ ಜಾರುತ್ತದೆ. ಪಂಚಿನ ಮೊನೆ ನಿಲ್ಲಲಿಲ್ಲ. ಗೆರೆಯ ಈಚೆಗೆ ಬಂತು, ಆಚೆಗೆ ಹೋಯಿತು, ಪೈಪಿನ ಮೇಲೆ ಟಕಟಕ ಎಂದು ಸಣ್ಣ ಹಕ್ಕಿ ಕುಟುಕಿದ ಹಾಗೆ ಕುಟುಕಿತು. ಮಣಿಕಟ್ಟನ್ನು ವೈಸಿಗೆ ಒತ್ತಿ ಹಿಡಿದ. ಉಸಿರು ಬಿಗಿಹಿಡಿದ. ಮೊಣಕೈಯನ್ನು ಮಂಡಿಗೆ ಊರಿದ. ಕಣ್ಣು ಮುಚ್ಚಿ ಹೊಡೆದ. ಮೊದಲ ತುಂಡಿನಲ್ಲಿ ತೂತು ಪಕ್ಕಕ್ಕೆ ವಾಲಿ ಬಂತು, ಬೋಲ್ಟು ಹಾಕಿದರೆ ಹಿಡಿ ಕತ್ತು ತಿರುಗಿಸಿದವರ ಹಾಗೆ ನಿಂತಿತು. ಎರಡನೆಯದರ ಮೇಲೆ ಡ್ರಿಲ್ಲು ಜಾರಿ, ಅಷ್ಟು ಹೊತ್ತು ತಿಕ್ಕಿದ ಮೈಯ ಮೇಲೆ ಉದ್ದನೆಯ ಗಾಯ ಎಳೆಯಿತು. ಅವನು ಆ ತುಂಡನ್ನು ಗೋಡೆಗೆ ಬೀಸಿ ಒಗೆದ. ಕೋಳಿಗಳು ಹಾರಿ ಆಚೆ ಬಿದ್ದವು. ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ಕಲ್ಲಿನ ಮೇಲೆ ಕೂತ. ಚಿಕ್ಕಂದಿನಲ್ಲಿ ಮೈಸೂರು ಮೈನ್ಸ್ ಸಾಲಿನ ಹುಡುಗರು ಅಪ್ಪನ ಹಿಂದೆ ಅವನಂತೆಯೇ ಕೈ ಅಲ್ಲಾಡಿಸಿಕೊಂಡು ನಡೆಯುತ್ತಿದ್ದರು. ಅಪ್ಪ ತಿರುಗಿ ನೋಡಿದರೆ ನಿಲ್ಲುತ್ತಿದ್ದರು, ಮುಂದೆ ನಡೆದರೆ ಮತ್ತೆ ಶುರು. ಅಕ್ಕನ ಮದುವೆಯಲ್ಲಿ ಧಾರೆ ಎರೆಯುವ ತಂಬಿಗೆ ಅಪ್ಪನ ಕೈಯಿಂದ ಜಾರಿ ಹಸೆಯ ಮೇಲೆ ಉರುಳಿತ್ತು. ಗಂಡಿನ ಕಡೆಯವರು ಮೂಗು ಮುಚ್ಚಿಕೊಂಡಿದ್ದರು. ‘ಕುಡಿದೂ ಕುಡಿದೂ ನರ ಸತ್ತೋಗವೆ,’ ಎನ್ನುತ್ತಿದ್ದಳು ಅವ್ವ, ಚಮಚದಲ್ಲಿ ಮುದ್ದೆ ಸಾರು ಕಲಸಿ ಅವನ ಬಾಯಿಗೆ ಇಡುತ್ತಾ. ಆಗ ಅಪ್ಪ ಮಕ್ಕಳ ಕಡೆ ನೋಡುತ್ತಿರಲಿಲ್ಲ, ಗೋಡೆಯ ಕಡೆ ನೋಡುತ್ತಿದ್ದ. ಆ ಗೋಡೆಯನ್ನು ಆದಿನಾರಾಯಣ ಈಗಲೂ ಬಲ್ಲ. ಅದರ ಸುಣ್ಣದ ಬಿರುಕುಗಳು ಯಾವ ಕಡೆಗೆ ಹೋಗುತ್ತಿದ್ದವು ಎಂದೂ ಬಲ್ಲ.

ಪೈಪಿನ ತುಂಡುಗಳು ಇನ್ನು ಬೀರುವಿಗೆ ಸಾಕಾಗುವಷ್ಟೇ ಉಳಿದಿದ್ದವು. ಒಂದು ಕೆಟ್ಟರೂ ಒಂದು ಡ್ರಾಯರು ಕುರುಡಾಗಿಯೇ ಇರುತ್ತದೆ. ರಾಧಾಮಣಿ ಬರುವ ಹೊತ್ತು. ವೆಂಕಿಯ ಮಾತು ಕಿವಿಯಲ್ಲಿ ಯಾಕೆ ಉಳಿದಿತ್ತು ಎಂದು ಅವನಿಗೆ ತಿಳಿಯಲಿಲ್ಲ. ನಗೆಯಾಡಲು ಹೇಳಿದ್ದು ಅದು. ಎದ್ದು ಒಳಗೆ ಹೋಗಿ, ಸ್ಟೂಲು ಹಾಕಿಕೊಂಡು ಅಟ್ಟಕ್ಕೆ ಕೈ ಹಾಕಿದ. ಬಾಟಲಿಯ ತಳದಲ್ಲಿ ಇನ್ನೂ ಒಂದಿಷ್ಟಿತ್ತು. ಮೂಗು ಹಿಡಿದುಕೊಂಡು ಕುಡಿದ, ಔಷಧಿ ಕುಡಿಯುವ ಮಗುವಿನ ಹಾಗೆ. ಗಂಟಲು ಸುಟ್ಟಿತು, ಕಣ್ಣಲ್ಲಿ ನೀರು ಬಂತು, ಹೊಟ್ಟೆಯೊಳಗೆ ಯಾರೋ ಕೆಂಡದ ಬಾಣಲೆ ಇಟ್ಟ ಹಾಗಾಯಿತು. ಹಿತ್ತಲಿಗೆ ಬಂದು ಮತ್ತೆ ಕಲ್ಲಿನ ಮೇಲೆ ಕೂತ. ಏನೂ ಆಗಲಿಲ್ಲ. ಏನೂ ಆಗುವುದಿಲ್ಲ ಎಂದು ಅವನಿಗೆ ಒಂದು ರೀತಿಯ ಸಮಾಧಾನವೂ ಆಯಿತು. ಬಿಸಿಲು ಗೋಡೆಯಿಂದ ಕೆಳಗಿಳಿದು ನೆಲಕ್ಕೆ ಬರುತ್ತಿತ್ತು. ಕೋಳಿಯೊಂದು ಗೋಡೆಯ ಮೇಲೆ ಕತ್ತು ಚಾಚಿತು. ಶೆಡ್ಡಿನಲ್ಲಿ ಕಂಪ್ರೆಸರ್ ದಿನವಿಡೀ ಓಡುತ್ತಿರುತ್ತದೆ. ಅದರ ಸದ್ದು ಯಾರಿಗೂ ಕೇಳಿಸುವುದಿಲ್ಲ, ಕರೆಂಟು ಹೋಗಿ ಅದು ನಿಂತಾಗ ಮಾತ್ರ, ಓ, ಇಷ್ಟು ಹೊತ್ತೂ ಓಡುತ್ತಿತ್ತಲ್ಲ ಎಂದು ಎಲ್ಲರೂ ತಲೆ ಎತ್ತುತ್ತಾರೆ. ಹಾಗೆಯೇ ಅವನು ತಲೆ ಎತ್ತಿದ. ಬಲಗೈಯನ್ನು ಮುಂದಕ್ಕೆ ಚಾಚಿ, ಬೆರಳು ಅಗಲಿಸಿ ನೋಡಿದ. ಅದು ನಿಂತಿತ್ತು. ತನ್ನದಲ್ಲದ ಕೈಯ ಹಾಗೆ, ಹತ್ತು ವರ್ಷದ ಹಿಂದಿನ ತನ್ನ ಕೈಯ ಹಾಗೆ, ಬಿಸಿಲಿನಲ್ಲಿ ಸುಮ್ಮನೆ ನಿಂತಿತ್ತು.

ಪಂಚನ್ನು ಗೆರೆಯ ಮೇಲಿಟ್ಟ. ಮೊನೆ ಕದಲಲಿಲ್ಲ. ಒಂದೇ ಪೆಟ್ಟು. ಡ್ರಿಲ್ಲಿನ ಬಾಯಿಯಿಂದ ಉಕ್ಕಿನ ಸುರುಳಿ ಎದ್ದು ಬಂತು. ಇನ್ನೊಂದು ಪೆಟ್ಟು. ಅವನು ಎಷ್ಟು ಬೇಗ ಬೇಗ ಮಾಡುತ್ತಿದ್ದನೆಂದರೆ ಯಾರೋ ಬಂದು ಈ ಕೈಯನ್ನು ವಾಪಸು ಕೇಳುತ್ತಾರೆ ಎಂಬಂತಿತ್ತು. ನಾಲ್ಕನೆಯದೋ ಐದನೆಯದೋ ತೂತು ಕೊರೆಯುವಾಗ, ಯಾವ ಮುನ್ಸೂಚನೆಯೂ ಇಲ್ಲದೆ, ಸ್ಕೂಲು ಚೀಲ ಅವನ ಕಣ್ಣ ಮುಂದೆ ಬಂತು. ಚೀಲದ ಹೆಗಲ ಪಟ್ಟಿ ಕಿತ್ತುಹೋಗಿತ್ತು. ಸಂಜೆ ಅಪ್ಪ ಒಂದು ಗ್ಲಾಸು ಸಾರಾಯಿ ಕುಡಿದು ಬಂದು, ಬಾಗಿಲ ಬೆಳಕಿನಲ್ಲಿ ಕೂತು, ದಬ್ಬಳದಲ್ಲಿ ಅದನ್ನು ಹೊಲಿದುಕೊಟ್ಟಿದ್ದ. ಸಣ್ಣ ಸಣ್ಣ ಹೊಲಿಗೆ, ಒಂದರ ಪಕ್ಕ ಒಂದು, ಮೆಷಿನ್ನಿನಲ್ಲಿ ಹಾಕಿದ ಹಾಗೆ. ‘ಕುಡಿದಾಗ್ಲೇ ಇವನು ಮನುಷ್ಯ ಆಗೋದು,’ ಎಂದಿದ್ದಳು ಅವ್ವ ಒಲೆಯ ಮುಂದಿನಿಂದ, ಉರಿಯುವ ದನಿಯಲ್ಲಿ. ಚೀಲಕ್ಕೆ ಅಪ್ಪನ ವಾಸನೆ ಹತ್ತಿತ್ತು ಎಂದು ಅವನು ಅದನ್ನು ಒಂದು ವಾರ ಹೆಗಲಿಗೆ ಹಾಕದೆ ಕೈಯಲ್ಲಿ ದೂರ ಹಿಡಿದುಕೊಂಡು ಹೋಗಿದ್ದ. ಕುಡಿದದ್ದರಿಂದ ಕೈ ನಡುಗಿತು ಎಂದು ಅವ್ವ ಹೇಳಿದಳು, ಸಾಲಿನವರು ಹೇಳಿದರು, ಅವನೂ ಇಷ್ಟು ವರ್ಷ ಹೇಳಿದ. ಕೈ ನಡುಗಿದ್ದಕ್ಕೆ ಕುಡಿದಿರಬಹುದು ಎಂದು ಒಬ್ಬರಿಗೂ ಹೊಳೆಯಲಿಲ್ಲ. ಅಪ್ಪನಿಗೆ ಹೇಳುವುದಕ್ಕೆ ಆಗಲಿಲ್ಲವೋ, ಹೇಳಿದರೂ ಯಾರೂ ಕೇಳುವುದಿಲ್ಲ ಎಂದು ಗೋಡೆಯ ಕಡೆ ತಿರುಗಿದನೋ. ಡ್ರಿಲ್ಲು ಕೈಯಲ್ಲಿ ಓಡುತ್ತಲೇ ಇತ್ತು. ಅದನ್ನು ನಿಲ್ಲಿಸಿ ಆದಿನಾರಾಯಣ ಮುಖ ಒರೆಸಿಕೊಂಡ. ಅಳುವುದಕ್ಕೂ ಹೊತ್ತಿರಲಿಲ್ಲ. ಇನ್ನೂ ಎರಡು ತುಂಡು ಉಳಿದಿದ್ದವು.

ಬಾಗಿಲು ತೆಗೆದ ಸದ್ದಾದಾಗ ಅವನು ಕೊನೆಯ ಡ್ರಾಯರಿನ ಒಳಗೆ ಕೈ ಹಾಕಿ ಬೋಲ್ಟು ಬಿಗಿಯುತ್ತಿದ್ದ. ರಾಧಾಮಣಿ ಚಪ್ಪಲಿ ಬಿಟ್ಟು, ಬಟ್ಟೆಯ ಚೀಲವನ್ನು ಮೆಷಿನ್ನಿನ ಮೇಲಿಟ್ಟು, ನಿಂತಳು. ಬೀರುವಿನ ಮೇಲಿಂದ ಕೆಳಗೆ ಹಿಡಿಗಳು ಒಂದರ ಕೆಳಗೊಂದು ನೂಲು ಹಿಡಿದಂತೆ ಕೂತಿದ್ದವು. ಅವಳು ಹತ್ತಿರ ಬಂದು, ಪಟ್ಟಿ ಕಟ್ಟಿದ ಬೆರಳನ್ನು ಹಿಂದಕ್ಕಿಟ್ಟು ಉಳಿದ ಬೆರಳುಗಳಿಂದ ಮೇಲಿನ ಹಿಡಿಯನ್ನು ಎಳೆದಳು. ಡ್ರಾಯರು ಸುಮ್ಮನೆ, ಹೇಳಿದ ಮಾತು ಕೇಳುವ ಹಾಗೆ, ಈಚೆ ಬಂತು. ಮುಚ್ಚಿದಳು. ಅದರ ಕೆಳಗಿನದನ್ನು ಎಳೆದಳು. ಹಿಡಿಯ ಮೈ ಸವರಿ ನೋಡಿದಳು, ಒಳಗಡೆಯೂ ಬೆರಳಾಡಿಸಿದಳು, ಚುಚ್ಚುವುದಿಲ್ಲ ಎಂದು ತಿಳಿದು ಅವನ ಕಡೆಗೆ ತಿರುಗಿದಳು.

“ಎಷ್ಟು ನೆಟ್ಟಗವೆ,” ಎಂದಳು. ಮದುವೆಯ ಹೊಸದರಲ್ಲಿ ಸೂಜಿಯ ಆಚೆ ಕಾಣುತ್ತಿದ್ದ ಮುಖ ಅದು. ಅವನು ಮೈಮರೆತು ಒಂದು ಹೆಜ್ಜೆ ಹತ್ತಿರ ಬಂದ. ಆಗ ಅವಳ ಮುಖ ಹಾಗೇ ನಿಂತಿತು.

“ಕುಡಿದಿದ್ದೀರ.”

ಅವನಿಗೆ ಅಭ್ಯಾಸವಾಗಿದ್ದ ಮಾತು ಬಾಯಿಗೆ ಬಂತು. “ಅದೇನು ಒಸದಾ?”

“ಊಂ. ಒಸದೇ,” ಎಂದಳು ರಾಧಾಮಣಿ. “ಇಷ್ಟು ದಿನ ಬಚ್ಚಲಿಗೆ ಕುಡಿಸ್ತಿದ್ರಿ. ಇವತ್ತು ನೀವು ಕುಡಿದಿದ್ದೀರ.”

ಅವನು ಮೆಷಿನ್ನಿನ ಮುಂದಿನ ಸ್ಟೂಲಿನ ಮೇಲೆ ಕೂತುಬಿಟ್ಟ.

“ನಂಗೇನು ಮೂಗಿಲ್ವಾ? ಬಾಟ್ಲಿ ಖಾಲಿ ಆಗ್ತಾ ಓಗ್ತದೆ, ಬಚ್ಚಲು ನಾರ್ತದೆ, ನಿಮ್ಮ ಬಾಯಿ ಮಾತ್ರ ಎಲೆ ಅಡಿಕೆ ವಾಸ್ನೆ. ಕುಡುಕ್ರ ಮನೇಲಿ ಬೆಳೆದಿಲ್ಲ ನಾನು, ಆದ್ರೆ ಕುಡುಕ್ರ ಸಾಲಿನಾಗೆ ಇದ್ದೀನಿ.”

“ಗೊತ್ತಿದ್ರೆ ಯಾಕೆ ಕೇಳ್ಲಿಲ್ಲ?”

“ನೀವೇ ಏಳ್ತೀರಿ ಅಂತ.” ಅವಳು ತೆರೆದಿದ್ದ ಡ್ರಾಯರನ್ನು ದಡಾರನೆ ಮುಚ್ಚಿದಳು. “ಮೊದ್ಲು ಯಾವಳೋ ಇರ್ಬೇಕು ಅಂದ್ಕೊಂಡೆ, ಬಂಗಾರಪೇಟೆನಾಗೆ. ಕುಡುಕ ಅನ್ನಿಸ್ಕೊಂಡಾದ್ರೂ ಮುಚ್ಚಾಕ್ಬೇಕು ಅಂದ್ರೆ ಅದು ಎಷ್ಟು ದೊಡ್ಡದಿರ್ಬೇಕು ಅಂತ. ನಮ್ಮಣ್ಣ ನನ್ನ ಮುಂದೆ ಕೇಳ್ದಾಗ ಊಂ ಅಂದ್ರಲ್ಲ, ನಾನು ಅವನಿಗೆ ಏನಂತ ಏಳ್ಲಿ? ನನ್ನ ಗಂಡ ಸುಳ್ಳು ಏಳ್ತಾವನೆ, ಅವನು ಕುಡಿಯಲ್ಲ ಅಂತ ಏಳ್ಲಾ? ಊರೆಲ್ಲ ನನ್ನ ಕುಡುಕನ ಎಂಡ್ತಿ ಅಂತು. ಅನ್ನಿಸ್ಕೊಂಡೆ. ಸುಳ್ಳು ಕುಡುಕನ ಎಂಡ್ತಿ.”

ಇಷ್ಟು ತಿಂಗಳು ಅವಮಾನವೆಲ್ಲ ತನ್ನೊಬ್ಬನದೇ, ತನ್ನೊಬ್ಬನ ಮೈಮೇಲೆ ಮಾತ್ರ ಬೀಳುತ್ತಿದೆ ಎಂದು ಆದಿನಾರಾಯಣ ನಂಬಿದ್ದ. ಅದರಲ್ಲಿ ಒಂದು ಪಾಲು ಈ ಮನೆಯೊಳಗೆ ಅವಳು ಹೊತ್ತುಕೊಂಡು ಓಡಾಡುತ್ತಿದ್ದಳು ಎನ್ನುವುದನ್ನು ಅವನು ಎಣಿಸಿರಲೇ ಇಲ್ಲ. ಇಲ್ಲಿಯವರೆಗೆ ಕಟ್ಟಿದ ಸುಳ್ಳೆಲ್ಲದರ ಹಿಂದೆ ಹೇಳದೆ ಉಳಿದಿದ್ದ ಮಾತು ಎರಡೇ ಪದದ್ದು.

“ಕೈ ನಡುಗ್ತದೆ,” ಎಂದ.

ಅವಳು ಕಾದಳು. ಇನ್ನೂ ಏನೋ ಇದೆ, ಇದರ ಹಿಂದೆ ದೊಡ್ಡದು ಬರುತ್ತದೆ ಎನ್ನುವ ಹಾಗೆ. ಬರಲಿಲ್ಲ.

“ಅಷ್ಟೇನಾ?”

ಆ ಅಷ್ಟೇನಾ ಎಂಬುದರ ಮುಂದೆ ಅವನಿಗೆ ಸಿಟ್ಟು ಬಂತು, ನಾಚಿಕೆಯಾಯಿತು, ಆಮೇಲೆ ಅವೆರಡೂ ಇಳಿದು ಮಾತು ತಾನಾಗಿ ಬಂತು. ಅಪ್ಪನ ಕೈ, ಚಮಚ, ಗೋಡೆ, ಅಕ್ಕನ ಮದುವೆಯ ತಂಬಿಗೆ. ಇವಳು ಮಾವನನ್ನು ನೋಡಿಯೇ ಇರಲಿಲ್ಲ. ಕುಡಿದು ಸತ್ತರು ಎಂದಷ್ಟೇ ಕೇಳಿದ್ದಳು. ಶೆಡ್ಡಿನ ಯಜಮಾನನ ಮೂಗು. ಇವತ್ತು ಸೆಲ್ವರಾಜನ ಅಂಗಿಯ ಮೇಲೆ ಚೆಲ್ಲಿದ ಟೀ. ಕೆಟ್ಟುಹೋದ ಎರಡು ತುಂಡು. ಅಟ್ಟ. “ಆಕ್ಕೊಂಡ್ಮೇಲೆ ನಿಂತ್ಕಂತು, ರಾಧಾ. ಅಂಗೇ ನಿಂತ್ಬಿಡ್ತು. ಅಪ್ಪಂಗೂ ಅಂಗೇ ಆಗಿರ್ಬೇಕು. ಅದ್ಕೇ ಅವನು...”

ರಾಧಾಮಣಿ ಹಿಡಿಗಳ ಕಡೆ ನೋಡಿದಳು. ಅವು ಯಾತಕ್ಕೆ ಅಷ್ಟು ನೆಟ್ಟಗಿವೆ ಎಂದು ಈಗ ಅವಳಿಗೆ ಗೊತ್ತಾಗಿತ್ತು. ನಾಳೆ ಇನ್ನೊಂದು ಕೆಲಸ ಬಂದಾಗ ಏನಾಗುತ್ತದೆ ಎನ್ನುವುದೂ ಗೊತ್ತಾಗಿತ್ತೇನೋ. ಅವಳ ಕಣ್ಣಲ್ಲಿ ಸಿಟ್ಟು ಹೋಗಿ ಹೆದರಿಕೆ ಬಂದದ್ದನ್ನು ಅವನು ನೋಡಿದ.

“ಪಂಚು ನಾನು ಇಡ್ಕೊಂತಿದ್ನಲ್ಲಾ,” ಎಂದಳು ಮೆಲ್ಲಗೆ. “ಒಂದು ಮಾತು ಕರೆದಿದ್ರೆ.”

ಅವನು ಮಡಿಲಲ್ಲಿದ್ದ ಬಲಗೈಯನ್ನು ಮಗುಚಿ ನೋಡಿಕೊಂಡ.

“ನಾಳೆ ಶೆಡ್ಡಿಗೆ ಓಗ್ಬೇಡಿ. ಕೋಲಾರಕ್ಕೆ ಓಗಾಣ, ದೊಡ್ಡಾಸ್ಪತ್ರೆಗೆ.”

“ಡಾಕ್ಟ್ರು ಏನೇಳ್ತಾರೋ.”

“ಏನಾದ್ರೂ ಏಳ್ಲಿ. ಡಾಕ್ಟ್ರಿಗಿಂತ ಮೊದ್ಲು ನಾನು ನೋಡ್ಬೇಕು. ತೋರ್ಸಿ.”

ಅವನು ಬಲಗೈ ಚಾಚಿದ. ಕೈ ಗೇಟಿನ ಸರಳಿನ ಹಾಗೆ ಗಟ್ಟಿಯಾಗಿ ನಿಂತಿತ್ತು. ಈ ಹೊತ್ತಿನಲ್ಲಿ ಆ ಕೈ ತನ್ನನ್ನೇ ಸುಳ್ಳುಗಾರನನ್ನಾಗಿ ಮಾಡುತ್ತಿದೆ ಎನ್ನಿಸಿ ಅವನಿಗೆ ಸಂಕೋಚವಾಯಿತು. “ಇವಾಗ ಇಲ್ಲ. ಇಳಿದ್ಮೇಲೆ ಬತ್ತದೆ,” ಎಂದ.

“ಬರ್ಲಿ,” ಎಂದಳು. ಮಂಚವನ್ನು ಎಳೆದುಕೊಂಡು ಅವನ ಎದುರಿಗೆ ಕೂತಳು. “ಕಾಯ್ತೀನಿ.”

ಇಬ್ಬರೂ ಕೂತರು. ಮುಚ್ಚಿಟ್ಟಿದ್ದ ಊಟ ಮುಚ್ಚಿಯೇ ಇತ್ತು. ಮುನಿಗಂಗಮ್ಮ ಬಾಗಿಲಿಗೆ ಬಂದು, ತೋಳು ಸ್ವಲ್ಪ ಬಿಗಿಯಾಗೈತೆ ಕಣಮ್ಮಾ ಎಂದು ರವಿಕೆ ಚಾಚಿದಳು. ಅಲ್ಲೇ ಇಟ್ಟೋಗು, ನಾಡಿದ್ದು ಬಾ ಎಂದು ರಾಧಾಮಣಿ ಎದ್ದೇಳದೆ ಹೇಳಿ ಕಳಿಸಿದಳು. ಕೋರಮಂಡಲ್ ಕಡೆಯ ಬಸ್ಸು ಹಾರ್ನು ಹೊಡೆದುಕೊಂಡು ಹೋಯಿತು. ಆಗಾಗ ಅವನು ಕೈ ಚಾಚುತ್ತಿದ್ದ, ಇಬ್ಬರೂ ನೋಡುತ್ತಿದ್ದರು, ಇಲ್ಲ ಎಂದು ಅವನು ತಲೆಯಾಡಿಸಿ ಕೈಯನ್ನು ಮಡಿಲಿಗೆ ತೆಗೆದುಕೊಳ್ಳುತ್ತಿದ್ದ. ಒಂದು ಸಲ ಅವಳಿಗೆ ನಗು ಬಂತು, ಅದನ್ನು ನೋಡಿ ಅವನಿಗೂ ಬಂತು. ತಲೆಯೊಳಗಿನ ಮಂಕು ಸ್ವಲ್ಪ ಸ್ವಲ್ಪವಾಗಿ ಸರಿಯುತ್ತಿತ್ತು. ತನ್ನ ಕೈಯಲ್ಲಿ ಅದು ಕಾಣಿಸಿಕೊಂಡ ದಿನದಿಂದ ಮೊದಲ ಬಾರಿಗೆ ಅವನು ಅದು ಬರಲಿ ಎಂದು ಕಾಯುತ್ತಿದ್ದ.

ಬಾಗಿಲ ಬಿಸಿಲು ಕೆಂಪಗಾದಾಗ ಅವನು ಮತ್ತೆ ಕೈ ಚಾಚಿದ. ಮೊದಲು ಕಿರುಬೆರಳು. ಆಮೇಲೆ ಅದರ ಪಕ್ಕದ್ದು. ಇನ್ನೊಂದು ಕ್ಷಣಕ್ಕೆ ಅಂಗೈಯೆಲ್ಲ ಗಾಳಿಗೆ ಸಿಕ್ಕ ಎಲೆಯ ಹಾಗೆ ಆಡತೊಡಗಿತು. ಹಿಂದಕ್ಕೆ ಎಳೆದುಕೊಳ್ಳಲು ತೋಳು ತಾನಾಗಿಯೇ ಹವಣಿಸಿತು. ರಾಧಾಮಣಿ ಕೈ ಹಿಡಿದುಕೊಳ್ಳಲಿಲ್ಲ, ಅಯ್ಯೋ ಎನ್ನಲಿಲ್ಲ. ಬಾಗಿಲ ಬೆಳಕಿಗೆ ಅಡ್ಡವಾಗದಂತೆ ಪಕ್ಕಕ್ಕೆ ಸರಿದು, ಬಗ್ಗಿ, ನೋಡಿದಳು.

“ಇನ್ನೂ ಸ್ವಲ್ಪ ಹೊತ್ತು ಅಂಗೇ ಇಡ್ಕೊಳ್ಳಿ,” ಎಂದಳು.

ಅವನು ಹಾಗೇ ಹಿಡಿದುಕೊಂಡ.